ನೊಣ ಸಾಕುತ್ತಾ ಕೂತರೆ ಪಿಎಚ್.ಡಿಗೆ ಉಪಯೋಗ ಆಗುತ್ತದಾ?

ಪ್ರಶ್ನೆ: ಜೀವಶಾಸ್ತ್ರದಲ್ಲಿ ಎಂ.ಎಸ್ಸಿ ಮುಗಿಸಿದ್ದೇನೆ. ಭ್ರೂಣದ ಬೆಳವಣಿಗೆ ಬಗ್ಗೆ ಕೆಲಸ ಮಾಡುವ ಲ್ಯಾಬೊಂದರಲ್ಲಿ ಸಂಶೋಧನಾ ಸಹಾಯಕಿಯ ಕೆಲಸ ಸಿಕ್ಕಿದೆ. ಅಲ್ಲಿ ಬಳಸುವುದು ಹಣ್ಣಿನ ನೊಣ. ಮೊದಲ ಆರು ತಿಂಗಳು ನೊಣ ಸಾಕುವುದೇ ಕೆಲಸ ಅಂದಿದ್ದಾರೆ. ಮುಂದೆ ಪಿಎಚ್.ಡಿ ಮಾಡುವ ಆಸೆ ಇದೆ. ಸುಮ್ನೆ ಸಮಯ ಹಾಳಾಗುತ್ತದಾ?

ಉತ್ತರ: ಹಾಳಾಗುವುದಿಲ್ಲ. ಬೇಸರವಂತೂ ಆಗುತ್ತದೆ. ಸಾಲು ಸಾಲು ಸೀಸೆಗಳು, ಒಂದೊಂದರಲ್ಲೂ ಬೇರೆ ತಳಿ. ನೊಣಗಳನ್ನು ಹೊಸ ಆಹಾರಕ್ಕೆ ದಾಟಿಸಬೇಕು, ದಿನಾಂಕ ಬರೆಯಬೇಕು, ಬೂಸ್ಟು ಬಂತಾ ನೋಡಬೇಕು.

ಆದರೆ ಇಲ್ಲೇ ಗಡಿಯಾರ ಹಿಡಿದು ಕೆಲಸ ಮಾಡುವುದನ್ನು ಕಲಿಯುತ್ತೀರಿ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆ ನೊಣವಾಗಲು ಸುಮಾರು 10 ದಿನ ಬೇಕು. 18 ಡಿಗ್ರಿಯಲ್ಲಿಟ್ಟರೆ ಹೆಚ್ಚುಕಮ್ಮಿ ಅದರ ಎರಡರಷ್ಟು. ಕ್ರಾಸ್ ಮಾಡಲು, ಅಂದರೆ ಆರಿಸಿದ ಗಂಡು-ಹೆಣ್ಣನ್ನು ಕೂಡಿಸಿ ಮರಿ ಪಡೆಯಲು, ಇನ್ನೂ ಗಂಡಿನ ಜೊತೆ ಕೂಡದ ಹೆಣ್ಣು ಬೇಕು, ಲ್ಯಾಬಿನ ಮಾತಲ್ಲಿ 'ವರ್ಜಿನ್'. ಪ್ಯೂಪಾದಿಂದ (ಮರಿಹುಳು ನೊಣವಾಗಿ ಮಾರ್ಪಡುವ ಕೋಶ) ಹೊರಬಂದ ಹೆಣ್ಣು ಸುಮಾರು 8 ಗಂಟೆ ಗಂಡನ್ನು ಹತ್ತಿರ ಸೇರಿಸುವುದಿಲ್ಲ. ಅಷ್ಟರೊಳಗೆ ಆರಿಸಿ ಬೇರೆ ಇಡಬೇಕು. ಅದಕ್ಕೇ ಬೆಳಿಗ್ಗೆ ಸೀಸೆ ಖಾಲಿ ಮಾಡಿ, ಮಧ್ಯಾಹ್ನ ಹೊಸಬರನ್ನು ಹುಡುಕುತ್ತಾರೆ. ರಾತ್ರಿ 18 ಡಿಗ್ರಿಗೆ ಹಾಕಿ ಸಮಯವನ್ನು ಎಳೆಯುತ್ತಾರೆ. ಮಸುಕು ಮೈ, ಹೊಟ್ಟೆಯಲ್ಲೊಂದು ಕಪ್ಪು ಚುಕ್ಕೆ ಕಂಡರೆ ಅದು ಈಗಷ್ಟೇ ಹೊರಬಂದದ್ದು. ಕೂಡಿದ ಒಂದೇ ಒಂದು ಹೆಣ್ಣು ನುಸುಳಿದರೂ ಕ್ರಾಸ್ ಕೆಟ್ಟಂತೆ. ಅದು ವೀರ್ಯವನ್ನು ದಿನಗಟ್ಟಲೆ ಒಳಗೇ ಕಾಪಿಟ್ಟುಕೊಳ್ಳುತ್ತದೆ. ನಮಗೆ ಗೊತ್ತಾಗುವುದು 10 ದಿನದ ಮೇಲೆ, ಬರಬಾರದ ಮರಿಗಳು ಬಂದಾಗ. ನಾನಂತೂ ಇದನ್ನು ಎರಡು ಸಲ ಕಲಿತೆ!

ಜೊತೆಗೆ ಕಣ್ಣು ಪಳಗುತ್ತದೆ. ಕುಂಚದ ತುದಿಯಲ್ಲಿ ನೊಣ ತಿರುಗಿಸಿ, ರೆಕ್ಕೆ ಸುರುಳಿಯಾ ನೇರವಾ ಎಂದು ಕ್ಷಣದಲ್ಲಿ ಹೇಳುತ್ತೀರಿ. ಕ್ರಿಶ್ಚಿಯಾನೆ ನ್ಯೂಸ್ಲೈನ್-ಫೋಲ್‌ಹಾರ್ಡ್ ಮತ್ತು ಎರಿಕ್ ವೀಶೌಸ್ ಎಂಬ ವಿಜ್ಞಾನಿಗಳು ಮಾಡಿದ್ದೂ ನೋಡುವ ಕೆಲಸವೇ. ಇಬ್ಬರೂ ಒಂದೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ತಿಂಗಳುಗಟ್ಟಲೆ ನೊಣದ ಮರಿಹುಳುಗಳ ಹೊರಚರ್ಮ ನೋಡಿದರು. ಮೈಯನ್ನು ಭಾಗಭಾಗವಾಗಿ ರೂಪಿಸುವ ಜೀನ್‌ಗಳು ಸಿಕ್ಕಿದ್ದು ಹಾಗೆ. 1995ರಲ್ಲಿ ಎಡ್ವರ್ಡ್ ಲೂಯಿಸ್ ಜೊತೆ ಅವರಿಗೆ ನೊಬೆಲ್ ಬಂತು.

ಆದರೆ ಆರು ತಿಂಗಳು ಎರಡು ವರ್ಷ ಆಗಬಾರದು, ಅಲ್ವಾ? ಸೇರುವ ಮೊದಲೇ ಕೇಳಿ: ಆಮೇಲೆ ನನ್ನದು ಅಂತ ಯಾವ ಪ್ರಶ್ನೆ ಕೊಡುತ್ತೀರಿ? ಲ್ಯಾಬ್ ಮೀಟಿಂಗಿಗೆ ಬರಬಹುದಾ? ನನ್ನ ಕೆಲಸ ಸೇರಿದ ಪ್ರಬಂಧದಲ್ಲಿ ಹೆಸರು ಬರುತ್ತದಾ? ಉತ್ತರ ತೇಲಿಸಿದರೆ, ಹಿಂದೆ ಅಲ್ಲಿದ್ದ ಸಹಾಯಕರನ್ನು ಹುಡುಕಿ ಮಾತಾಡಿ. ಹಾಗೇ ಭಾನುವಾರ ಯಾರ ಪಾಳಿ ಅನ್ನುವುದನ್ನೂ ಕೇಳಿಬಿಡಿ.