ಚದುರಂಗದ ಕಾಳಿನ ಲೆಕ್ಕ: ಇಪ್ಪತ್ತಂಕಿಯ ಸಂಖ್ಯೆಯನ್ನು ಕೈಯಲ್ಲೇ ಒಡೆಯಬಹುದೇ?

ಪ್ರಶ್ನೆ: ಚದುರಂಗದ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ದುಪ್ಪಟ್ಟು ಮಾಡುತ್ತಾ ಹೋದರೆ 64 ಮನೆಗೆ ಒಟ್ಟು 18446744073709551615 ಕಾಳು. ಕೊನೆಯ ಅಂಕಿ 5, ಅಂಕಿಗಳ ಮೊತ್ತ 87. ಹಾಗಾಗಿ 5 ಮತ್ತು 3ರಿಂದ ಭಾಗವಾಗುತ್ತದೆ. ಉಳಿದ ಅಪವರ್ತನಗಳನ್ನು ಕಂಪ್ಯೂಟರ್ ಇಲ್ಲದೆ ಹುಡುಕಬಹುದೇ?

ಉತ್ತರ: ಧಾರಾಳವಾಗಿ. ನಮ್ಮ ಎಣಿಕೆಯಲ್ಲಿ ಇದು ಒಂದು ಲಕ್ಷ 84 ಸಾವಿರ ಕೋಟಿ ಕೋಟಿಗೂ ಹೆಚ್ಚು, ನಿಜ. ಆದರೆ ಅಂಕಿಗಳನ್ನು ಮರೆತು 2⁶⁴−1 ಎಂದು ಬರೆದುಕೊಳ್ಳಿ. ಹೈಸ್ಕೂಲಿನ ‘ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್’ ಸೂತ್ರ ಸಾಕು: ಅದು (2³²−1)(2³²+1) ಆಗುತ್ತದೆ. ಮೊದಲ ಆವರಣವನ್ನು ಮತ್ತೆ ಮತ್ತೆ ಹಾಗೆಯೇ ಒಡೆದರೆ 3, 5, 17, 257, 65537 ಸಿಗುತ್ತವೆ. ಐದೂ ಅವಿಭಾಜ್ಯ. ಉಳಿಯುವುದು 2³²+1, ಅಂದರೆ 4294967297.

ಇದೊಂದೇ ಗಟ್ಟಿ ಕಾಳು. ಫ್ರಾನ್ಸಿನ ಫರ್ಮಾ 1640ರ ಸುಮಾರಿಗೆ, 3, 5, 17, 257, 65537... ಎಂಬ ಈ ಸಾಲಿನಲ್ಲಿ ಬರುವ ಸಂಖ್ಯೆಗಳೆಲ್ಲ ಅವಿಭಾಜ್ಯವೇ ಇರಬೇಕೆಂದು ಊಹಿಸಿದ್ದ. ಅಷ್ಟು ದೊಡ್ಡ ಗಣಿತಜ್ಞ ಎಡವಿದ್ದು ಇಲ್ಲೇ. 1732ರಲ್ಲಿ ಸ್ವಿಸ್ ಗಣಿತಜ್ಞ ಆಯ್ಲರ್ ಇದನ್ನು 641 × 6700417 ಎಂದು ಒಡೆದು ತೋರಿಸಿದ. ಕಂಡ ಕಂಡ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡುವ ಅಗತ್ಯವೂ ಇಲ್ಲ. ಈ ಸಂಖ್ಯೆಯ ಯಾವ ಅವಿಭಾಜ್ಯ ಅಪವರ್ತನವನ್ನೇ ಆಗಲಿ 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥವು 193, 257, 449, 577, 641... ಐದನೆಯದಕ್ಕೇ ಬೀಗ ತೆರೆಯುತ್ತದೆ.

ಭಾಗಾಕಾರವೂ ಬೇಡ ಎನ್ನುವವರಿಗೆ ಇನ್ನೊಂದು ದಾರಿಯಿದೆ. ನನಗೆ ಇದೇ ಹೆಚ್ಚು ಇಷ್ಟ. 640 ಎಂದರೆ 5×2⁷. ಅದು 641ಕ್ಕಿಂತ ಒಂದು ಕಡಿಮೆ, ಆದ್ದರಿಂದ 641ರಿಂದ ಭಾಗಿಸಿದಾಗ ಶೇಷವನ್ನು −1 ಎನ್ನಬಹುದು. ನಾಲ್ಕನೇ ಘಾತಕ್ಕೆ ಏರಿಸಿದರೆ 5⁴×2²⁸ರ ಶೇಷ 1. ಇತ್ತ 5⁴ ಅಂದರೆ 625. ಅದು 641ಕ್ಕೆ 16 ಕಡಿಮೆ, ಹಾಗಾಗಿ ಅದರ ಜಾಗದಲ್ಲಿ −2⁴ ಇಡಬಹುದು. ಆಗ −2³²ರ ಶೇಷ 1 ಆಯಿತು. ಅಂದಮೇಲೆ 2³²+1 ಪೂರ್ತಿ ಭಾಗವಾಗಲೇಬೇಕು!

6700417 ಕೂಡ ಅವಿಭಾಜ್ಯವೇ. ಅಲ್ಲಿಗೆ ನಿಮ್ಮ ಸಂಖ್ಯೆ = 3 × 5 × 17 × 257 × 641 × 65537 × 6700417. ಏಳೂ ಬೇರೆ ಬೇರೆ, ಯಾವುದೂ ಎರಡು ಸಲ ಬಂದಿಲ್ಲ. ಆದ್ದರಿಂದ ಒಟ್ಟು ಭಾಜಕಗಳು 2⁷, ಅಂದರೆ 128.

ಅಂದಹಾಗೆ, ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ ಬರೆದರೆ ಇದು ಸಾಲಾಗಿ 64 ಒಂದುಗಳು. 64 ಬಿಟ್‌ಗಳಲ್ಲಿ ಚಿಹ್ನೆಯಿಲ್ಲದೆ ಬರೆಯಬಹುದಾದ ಅತಿ ದೊಡ್ಡ ಪೂರ್ಣಾಂಕವೂ ಇದೇ. ಕೈಯಲ್ಲೇ ಲೆಕ್ಕ ಮಾಡುವ ಹುಮ್ಮಸ್ಸು ಇನ್ನೂ ಉಳಿದಿದ್ದರೆ ಇದಕ್ಕೆ 2 ಕೂಡಿಸಿ, 274177ರಿಂದ ಭಾಗಿಸಿ ನೋಡಿ. ಆ ಅಪವರ್ತನ ಸಿಕ್ಕಿದ್ದು 1855ರಲ್ಲಿ, ಕಂಪ್ಯೂಟರ್ ಹುಟ್ಟುವ ಎಷ್ಟೋ ಮೊದಲು.