ಹುಲ್ಲು ಹಿಂಡಿ ನೋಡಿ, ಆಮೇಲೆ ಬೀಜ ಹಾಕಿ

ಮಳೆಗಾಲ ಹಿಡಿದ ಮೇಲೆ ಅಣಬೆ ಬಗ್ಗೆ ಬರುವ ಪತ್ರಗಳೇ ಜಾಸ್ತಿ. ಈ ಸಂಚಿಕೆಯಲ್ಲಿ ಅವಕ್ಕಷ್ಟೇ ಉತ್ತರ.

ಪ್ರಶ್ನೆ: ಅಕ್ಕಾ, ನಾವು ಬಾಡಿಗೆ ಮನೆಯಲ್ಲಿದ್ದೇವೆ. ಹಿಂದುಗಡೆ ಸಾಮಾನು ಇಡುವ ಸಣ್ಣ ಕೋಣೆ ಖಾಲಿ ಇದೆ. ಅಲ್ಲಿ ಬಟನ್ ಅಣಬೆ ಬೆಳೆಯಬಹುದಾ? ಎಲ್ಲಿಂದ ಶುರು ಮಾಡಲಿ? — ಗೃಹಿಣಿ, ದಾವಣಗೆರೆ

ಬಟನ್ ಸದ್ಯಕ್ಕೆ ಬೇಡಮ್ಮ. ಅದಕ್ಕೆ ಬೇರೆಯೇ ಕಾಂಪೋಸ್ಟ್ ಮಾಡಬೇಕು, ಅಣಬೆ ಬರುವಾಗ ಕೋಣೆ 14ರಿಂದ 18 ಡಿಗ್ರಿ ತಂಪಿರಬೇಕು. ನಿಮ್ಮೂರಲ್ಲಿ ಎ.ಸಿ. ಇಲ್ಲದೆ ಆಗುವ ಮಾತಲ್ಲ. ಚಿಪ್ಪಣಬೆ (ಆಯ್ಸ್ಟರ್ ಅಣಬೆ) ಹಾಕಿ. ಭತ್ತದ ಹುಲ್ಲು, ಬೀಜ, ಪ್ಲಾಸ್ಟಿಕ್ ಚೀಲ ಇದ್ದರೆ ಸಾಕು. ಮೊದಲ ಸಲಕ್ಕೆ ಎರಡೇ ಚೀಲ ಕಟ್ಟಿ.

ಹುಲ್ಲು ಈ ವರ್ಷದ್ದಾಗಿರಲಿ, ಮಳೆಗೆ ನೆನೆದಿರಬಾರದು. ಬಣವೆಯ ತಳದಲ್ಲಿ ಕಪ್ಪಾಗಿರುವುದನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ತರಬೇಡಿ. ಎರಡು ಇಂಚಿನ ತುಂಡು ಮಾಡಿ, ರಾತ್ರಿ ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಹಂಡೆಯ ಬಿಸಿನೀರಿಗೆ ಹಾಕಿ, ಮೇಲೊಂದು ಕಲ್ಲು ಹೇರಿ. ಇಲ್ಲದಿದ್ದರೆ ಹುಲ್ಲು ತೇಲುತ್ತದೆ, ಮೇಲಿನದಕ್ಕೆ ಬಿಸಿ ತಾಗುವುದಿಲ್ಲ. ನೀರು ಕುದಿ ಬರುವುದಕ್ಕೆ ಮುಂಚಿನ ಹದದಲ್ಲಿ, ಸುಮಾರು 80 ಡಿಗ್ರಿಯಲ್ಲಿ, ಒಂದು ಗಂಟೆ ಇರಲಿ. ಹುಲ್ಲಲ್ಲಿರುವ ಬೇರೆ ಬೂಷ್ಟುಗಳನ್ನು ಅಡಗಿಸುವುದಕ್ಕೇ ಇಷ್ಟೆಲ್ಲ.

ಆಮೇಲೆ ಬುಟ್ಟಿಗೆ ಹಾಕಿ ಬಸಿದು, ತೊಳೆದ ಪ್ಲಾಸ್ಟಿಕ್ ಹಾಳೆ ಮೇಲೆ ನೆರಳಲ್ಲಿ ಹರಡಿ. ಇಲ್ಲಿ ಮಾತ್ರ ದಯವಿಟ್ಟು ಅವಸರ ಬೇಡ. ಒಂದು ಹಿಡಿ ಹುಲ್ಲು ತೆಗೆದು ಬಿಗಿಯಾಗಿ ಹಿಂಡಿ. ಬೆರಳ ಸಂದಿಯಿಂದ ನೀರು ತೊಟ್ಟಿಕ್ಕಿದರೆ ಇನ್ನೂ ಆರಬೇಕು. ಅಂಗೈ ಬರೀ ಒದ್ದೆಯಾಗಿ, ಹನಿ ಬೀಳದಿದ್ದರೆ ಹದ ಬಂತು ಅಂತ ತಿಳಿಯಿರಿ. ನನ್ನ ಹತ್ತಿರ ಕಲಿಯಲು ಬರುವವರಿಗೆಲ್ಲ ನಾನು ಮೊದಲು ಕೊಡುವ ಕೆಲಸ ಇದೇ, ಹಿಂಡುವುದು. ಕೈಗೆ ಈ ಹದ ಸಿಕ್ಕವರಿಗೆ ಮಿಕ್ಕಿದ್ದೆಲ್ಲ ಸಲೀಸು.

ಬೀಜ ಅಂದರೆ ಬೇಯಿಸಿದ ಜೋಳದ ಕಾಳಿಗೆ ಅಣಬೆಯ ಬಿಳಿ ಜಾಲ ಹಬ್ಬಿಸಿದ್ದು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ, ಅಲ್ಲಿ ತರಬೇತಿಯನ್ನೂ ಕೊಡುತ್ತಾರೆ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೂ ಒಮ್ಮೆ ಕೇಳಿ. ಬೀಜ ಪೂರ್ತಿ ಬೆಳ್ಳಗಿರಬೇಕು. ಹಸಿರು, ಕಪ್ಪು ಚುಕ್ಕೆ ಕಂಡರೆ ವಾಪಸ್ ಕೊಡಿ. ಒಂದು ಕಿಲೋ ಒಣಹುಲ್ಲಿಗೆ 100ರಿಂದ 150 ಗ್ರಾಂ ಸಾಕು.

ಕೈ ಸೋಪು ಹಾಕಿ ತೊಳೆದುಕೊಂಡು ಚೀಲ ತುಂಬಿ. ನಾಲ್ಕು ಬೆರಳು ಹುಲ್ಲು, ಅಂಚಿನ ಸುತ್ತ ಒಂದಿಷ್ಟು ಬೀಜ, ಮತ್ತೆ ಹುಲ್ಲು. ಪ್ರತಿ ಪದರವನ್ನೂ ಅಂಗೈಯಿಂದ ಒತ್ತಿ. ಬಾಯಿ ಕಟ್ಟಿ, ದಬ್ಬಳದಿಂದ ಸುತ್ತ ಹದಿನೈದಿಪ್ಪತ್ತು ತೂತು ಹಾಕಿ ಕತ್ತಲೆ ಕೋಣೆಯಲ್ಲಿಡಿ. 15ರಿಂದ 20 ದಿನಕ್ಕೆ ಚೀಲ ಪೂರ್ತಿ ಬೆಳ್ಳಗಾಗುತ್ತದೆ. ಆಗ ಅಲ್ಲಲ್ಲಿ ಬ್ಲೇಡಿನಿಂದ ಸೀಳಿ, ಕಿಟಕಿ ತೆಗೆದು ಗಾಳಿ ಬೆಳಕು ಬಿಡಿ. ಗೋಡೆಗೆ ಒದ್ದೆ ಗೋಣಿಚೀಲ ನೇತುಹಾಕಿ, ದಿನಕ್ಕೆ ಎರಡು ಮೂರು ಸಲ ನೀರು ಸಿಂಪಡಿಸಿ. ಮಂಜು ಬಿದ್ದ ಹಾಗಿರಬೇಕು, ನೀರು ಹರಿಯಬಾರದು. ಸಾಸಿವೆ ಗಾತ್ರದ ಮೊಗ್ಗು ಕಂಡ ಮೂರು ನಾಲ್ಕು ದಿನಕ್ಕೆ ಕೊಯ್ಲು. ಅಂಚು ಮೇಲಕ್ಕೆ ಸುರುಳಿಯಾಗುವ ಮೊದಲೇ ಬುಡ ಹಿಡಿದು ತಿರುಚಿ ತೆಗೆಯಿರಿ. ಒಂದೊಂದು ವಾರ ಬಿಟ್ಟು ಇನ್ನೂ ಎರಡು ಬೆಳೆ ಬರುತ್ತದೆ. ಒಂದು ಕಿಲೋ ಒಣಹುಲ್ಲಿಗೆ ಒಟ್ಟು ಅರ್ಧದಿಂದ ಮುಕ್ಕಾಲು ಕಿಲೋ ಅಣಬೆ ಬಂದರೆ ಖುಷಿಪಡಿ.

ಚೀಲಗಳನ್ನು ಮಲಗುವ ಕೋಣೆಯಲ್ಲಿ ಮಾತ್ರ ಇಡಬೇಡಿ. ಬಲಿತ ಚಿಪ್ಪಣಬೆಯಿಂದ ಉದುರುವ ಬಿಳಿ ಪುಡಿ ಕೆಲವರಿಗೆ ಕೆಮ್ಮು, ಅಲರ್ಜಿ ತರುತ್ತದೆ. ಮನೆಯಲ್ಲಿ ಉಬ್ಬಸದವರಿದ್ದರಂತೂ ದೂರವೇ ಇರಲಿ.

ಪ್ರಶ್ನೆ: ನಾಲ್ಕು ಚೀಲ ಕಟ್ಟಿದ್ದೆ. ಎರಡರಲ್ಲಿ ಹಸಿರು ಬೂಷ್ಟು, ಒಂದರ ತಳದಲ್ಲಿ ಕೊಳೆತ ವಾಸನೆ. ಬೀಜವೇ ಕೆಟ್ಟದ್ದಿತ್ತಾ? — ನಿವೃತ್ತ ಶಿಕ್ಷಕರು, ಹಾಸನ

ಇರಲಾರದು ಸರ್. ಒಂದೇ ಬೀಜದಲ್ಲಿ ನಾಲ್ಕನೆಯ ಚೀಲ ಚೆನ್ನಾಗಿ ಬಂದಿದೆ ಅಲ್ವಾ? ಹಸಿರು ಬಂದದ್ದು ಟ್ರೈಕೋಡರ್ಮಾ ಅನ್ನುವ ಬೂಷ್ಟು. ಹುಲ್ಲಿಗೆ ಬಿಸಿ ಸಾಲದಿದ್ದರೆ, ಇಲ್ಲವೇ ಕೈ, ಹಾಳೆ ಶುಚಿಯಿಲ್ಲದಿದ್ದರೆ ಅದು ನುಗ್ಗುತ್ತದೆ. ತಳದ ವಾಸನೆಗೆ ಕಾರಣ ನೀರು. ಹುಲ್ಲು ಸರಿಯಾಗಿ ಬಸಿದಿರಲಿಲ್ಲ. ಹಸಿರಾದ ಚೀಲಗಳನ್ನು ಕೋಣೆಯೊಳಗೆ ಬಿಚ್ಚಬೇಡಿ, ಹಾಗೇ ಹೊರಗೆ ಒಯ್ದು ಮಣ್ಣಲ್ಲಿ ಹೂಳಿ. ಕಿಟಕಿಗೆ ಸಣ್ಣ ಕಣ್ಣಿನ ಸೊಳ್ಳೆಪರದೆ ಬಡಿಸಿ, ನೊಣ ಒಳಗೆ ಬರದಿರಲಿ. ಔಷಧಿ ಏನೂ ಹೊಡೆಯಬೇಡಿ, ತಿನ್ನುವ ಪದಾರ್ಥ ಅದು.

ಪ್ರಶ್ನೆ: ಅಣಬೆಯ ಕಾಂಡ ಉದ್ದ, ಕೊಡೆ ಪುಟಾಣಿ. ಯಾಕೆ? — ವಿದ್ಯಾರ್ಥಿ, ಬೆಂಗಳೂರು

ಕೋಣೆಗೆ ಗಾಳಿ ಸಾಲದು ತಮ್ಮಾ. ಅಣಬೆಯೂ ನಮ್ಮ ಹಾಗೆ ಉಸಿರಾಡಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ಕೋಣೆಯಲ್ಲೇ ತುಂಬಿದರೆ ಕಾಂಡ ಸುಮ್ನೆ ಉದ್ದವಾಗುತ್ತದೆ. ಬೆಳಿಗ್ಗೆ ಸಂಜೆ ಕಿಟಕಿ ತೆಗೆದಿಡು. ಪೇಪರ್ ಓದುವಷ್ಟು ಬೆಳಕೂ ಇರಲಿ.

ಪ್ರಶ್ನೆ: ಅಕ್ಕಾರೇ, ನಮ್ಮ ಕಡೆ ಬಿಸಿಲಿಗೆ ಅಣಬೆ ಆಗೋದೇ ಇಲ್ಲ ಅಂತಾರೆ. ಖರೇನಾ? — ರೈತ ಮಹಿಳೆ, ಕಲಬುರಗಿ

ಖಂಡಿತ ಆಗುತ್ತದೆ. ಹಾಲು ಅಣಬೆ ಹಾಕಿ, ಅದಕ್ಕೆ 30ರಿಂದ 35 ಡಿಗ್ರಿ ಬಿಸಿ ಬೇಕೇ ಬೇಕು. ಹುಲ್ಲಿನ ಕೆಲಸ ಚಿಪ್ಪಣಬೆಯದ್ದೇ. ಚೀಲ ಬೆಳ್ಳಗಾದ ಮೇಲೆ ಬಾಯಿ ತೆರೆದು, ಹಬೆಯಲ್ಲಿ ಬೇಯಿಸಿ ಆರಿಸಿದ ಮಣ್ಣನ್ನು ಒಂದು ಇಂಚು ಹರಡಬೇಕು. ಆ ಮಣ್ಣಿನ ಮೇಲೆ ದಪ್ಪ ಬಿಳಿ ಅಣಬೆ ಏಳುತ್ತದೆ. ಕೊಯ್ದ ಮೇಲೆ ಚಿಪ್ಪಣಬೆಗಿಂತ ಜಾಸ್ತಿ ದಿನ ತಾಳುತ್ತದೆ, ಹಾಗಾಗಿ ಸಂತೆಗೆ ಒಯ್ಯಲೂ ಅನುಕೂಲ. ಸುಡುವ ಬೇಸಿಗೆಯಲ್ಲಿ ತಗಡಿನ ಶೆಡ್ಡು ಬೇಡ, ಗರಿ ಹೊದಿಸಿದ ಚಪ್ಪರದೊಳಗೆ ಮಾಡಿ.

ಪ್ರಶ್ನೆ: ಹುತ್ತದ ಅಣಬೆಯ ರುಚಿಯೇ ಬೇರೆ. ಅದನ್ನು ಮನೆಯಲ್ಲಿ ಬೆಳೆಯಲು ಬರುತ್ತದಾ? — ಓದುಗರು, ತೀರ್ಥಹಳ್ಳಿ

ಬರುವುದಿಲ್ಲ. ಅದನ್ನು ಬೆಳೆಸುವುದು ಗೆದ್ದಲು. ಹುತ್ತದೊಳಗೆ ಒಣ ಎಲೆ, ಕಟ್ಟಿಗೆ ಜಗಿದು ಗೂಡು ಕಟ್ಟಿ, ಅದರ ಮೇಲೆ ಈ ಅಣಬೆಯ ಜಾಲ ಬೆಳೆಸಿ ತಿನ್ನುತ್ತದೆ. ಗೆದ್ದಲು ಬಿಟ್ಟು ಆ ಅಣಬೆಯಿಲ್ಲ. ಅದಕ್ಕೇ ಹುತ್ತ ಅಗೆಯಬೇಡಿ. ಬಿಟ್ಟರೆ ಮುಂದಿನ ಮಳೆಗೆ ಮತ್ತೆ ಏಳಬಹುದು.

ಕಾಡಿನ ಅಣಬೆಯಲ್ಲಿ ಹಿರಿಯರು ಖಚಿತವಾಗಿ ಗುರುತಿಸಿದ್ದನ್ನು ಮಾತ್ರ ತಿನ್ನಿ. ಬೆಳ್ಳುಳ್ಳಿ ಹಾಕಿ ಬೇಯಿಸಿ ಬಣ್ಣ ನೋಡುವುದು, ಬೆಳ್ಳಿ ಚಮಚ ಅದ್ದಿ ನೋಡುವುದು ಯಾವುದನ್ನೂ ನಂಬಬೇಡಿ. ಕೆಲವು ಅಣಬೆಗಳ ವಿಷ ಎಷ್ಟು ಕುದಿಸಿದರೂ ಹೋಗುವುದಿಲ್ಲ. ತಿಂದ ಮೇಲೆ ವಾಂತಿ ಭೇದಿ ಶುರುವಾದರೆ, ಉಳಿದ ಅಣಬೆಯ ಒಂದು ಚೂರನ್ನೂ ಜೊತೆಗೆ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ. ನಡುವೆ ಸ್ವಲ್ಪ ಹುಷಾರಾದಂತೆ ಕಂಡರೂ ಮನೆಯಲ್ಲಿ ಕೂರಬೇಡಿ, ಲಿವರಿಗೆ ಪೆಟ್ಟು ಬೀಳುವುದು ಆಮೇಲೆಯೇ.