ಗಿಡಗಳು ದಟ್ಟವಾಗಿರುವ 60 ಲೀಟರಿನ ಅಕ್ವೇರಿಯಂಗೆ ಇನ್ನೆಷ್ಟು ಮೀನು ಬಿಡಬಹುದು?

ಟ್ಯಾಂಕಿನಲ್ಲಿ ಈಗ ಹತ್ತು ನಿಯಾನ್ ಟೆಟ್ರಾಗಳಿವೆ, ಗಿಡಗಳು ಸೊಂಪಾಗಿ ಬೆಳೆದಿವೆ, ಮೀನಿನ ಕೊಳೆಯಿಂದ ನೀರಿಗೆ ಸೇರುವ ವಿಷವಾದ ಅಮೋನಿಯಾ ಪರೀಕ್ಷೆಯಲ್ಲಿ ಸದಾ ಸೊನ್ನೆ ತೋರಿಸುತ್ತದೆ, ಆದ್ದರಿಂದ ಹತ್ತು ಗಪ್ಪಿ, ಆರು ಕೋರಿಡೋರಸ್ ಮತ್ತು ಎರಡು ಏಂಜೆಲ್ ಸೇರಿಸಬಹುದೇ ಎಂದು ಕೇಳಿದ್ದೀರಿ. ಏಂಜೆಲ್ ಒಂದನ್ನು ಬಿಟ್ಟರೆ ಇದು ನಾನು ಹಿಂದೆ ಹಾಕಿಕೊಂಡಿದ್ದ ಪಟ್ಟಿಯೇ. ಆ ಸೊನ್ನೆಯನ್ನು ನಂಬಿಯೇ ನಾನು ಕೆಟ್ಟೆ.

ನನ್ನ ಟ್ಯಾಂಕಿನ ಹಿಂಬದಿಯಲ್ಲಿ ಹೈಗ್ರೊಫಿಲಾ ಮತ್ತು ಹಾರ್ನ್‌ವರ್ಟ್ ಪೊದೆಯಂತೆ ಬೆಳೆದಿದ್ದವು, ನೀರಿನ ಮೇಲೆ ಸಾಲ್ವೀನಿಯಾ ಹರಡಿತ್ತು. ಹೊಸ ಮೀನುಗಳನ್ನೆಲ್ಲ ಒಟ್ಟಿಗೇ ಬಿಟ್ಟ ಮೇಲೂ ಅಮೋನಿಯಾ ಏರಲಿಲ್ಲವಾದ್ದರಿಂದ, ನನ್ನ ಲೆಕ್ಕಾಚಾರ ಸರಿಯಾಗಿದೆಯೆಂದೇ ಭಾವಿಸಿದೆ. ಕೆಲವು ವಾರಗಳ ನಂತರ ಗಿಡಗಳು ಮೇಲ್ಮೈ ಮುಟ್ಟಿ ಬಾಗಿ, ಕೆಳಗಿನ ಎಲೆಗಳಿಗೆ ಬೆಳಕು ಬೀಳದಂತಾದಾಗ, ಒಂದೇ ಬಾರಿಗೆ ಅರ್ಧಕ್ಕಿಂತ ಹೆಚ್ಚು ಕತ್ತರಿಸಿ, ಸಾಲ್ವೀನಿಯಾವನ್ನೂ ಬಹುಮಟ್ಟಿಗೆ ತೆಗೆದುಬಿಟ್ಟೆ. ಮರುದಿನ ಸಂಜೆಯ ಹೊತ್ತಿಗೆ ಮೀನುಗಳು ಫಿಲ್ಟರಿನ ನೀರು ಬೀಳುವ ಮೂಲೆಯಲ್ಲಿ ಗುಂಪುಗೂಡಿ, ಕಿವಿರುಗಳನ್ನು ಒಂದೇ ಸಮನೆ ಬಡಿಯುತ್ತಿದ್ದವು. ಟೆಸ್ಟ್ ಕಿಟ್ಟಿನ ನಳಿಕೆಯಲ್ಲಿ ಹಳದಿಯಾಗಿಯೇ ಉಳಿಯಬೇಕಿದ್ದ ನೀರು ಗಾಢ ಹಸಿರಿಗೆ ತಿರುಗಿತು. ಅರ್ಧದಷ್ಟು ನೀರು ಬದಲಿಸಿದರೂ ಕೋರಿಡೋರಸ್‌ಗಳಲ್ಲಿ ಒಂದೂ ಉಳಿಯಲಿಲ್ಲ.

ಇಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಟ್ರಿಮ್ಮಿಂಗ್ ನೆಪ ಮಾತ್ರವಾಗಿತ್ತು. ಮೀನಿನ ಕಿವಿರುಗಳಿಂದಲೂ ಉಳಿದ ಆಹಾರದಿಂದಲೂ ಹೊರಬರುವ ಅಮೋನಿಯಾವನ್ನು ಫಿಲ್ಟರಿನಲ್ಲಿರುವ ಬ್ಯಾಕ್ಟೀರಿಯಾಗಳು ಮೊದಲು ಮೀನಿಗೆ ವಿಷವೇ ಆದ ನೈಟ್ರೈಟಾಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿ ಬದಲಿಸುತ್ತವೆ. ಬೇಗ ಬೆಳೆಯುವ ಗಿಡಗಳು ಆ ಅಮೋನಿಯಾವನ್ನು ತಾವೇ ಹೀರಿಕೊಳ್ಳುತ್ತಿದ್ದರೆ ಬ್ಯಾಕ್ಟೀರಿಯಾಗಳಿಗೆ ದಕ್ಕುವ ಪಾಲು ಕಡಿಮೆ, ಹಾಗಾಗಿ ಅವುಗಳ ಸಂಖ್ಯೆಯೂ ಕಡಿಮೆಯೇ ಇರುತ್ತದೆ. ಪರೀಕ್ಷೆಯಲ್ಲಿ ಕಾಣುವ ಸೊನ್ನೆಯು ಅಮೋನಿಯಾ ಉಳಿದಿಲ್ಲವೆಂದು ಹೇಳುತ್ತದೆಯೇ ಹೊರತು ಅದನ್ನು ತೆಗೆದದ್ದು ಗಿಡವೋ ಫಿಲ್ಟರೋ ಎಂದು ಹೇಳುವುದಿಲ್ಲ. ನನ್ನಲ್ಲಿ ತೆಗೆಯುತ್ತಿದ್ದದ್ದು ಗಿಡಗಳು, ಅವುಗಳನ್ನೇ ನಾನು ಕತ್ತರಿಸಿದೆ. ಉಳಿದ ಕಾಂಡಗಳು ಚಿಗುರಲು ದಿನಗಳು ಬೇಕು, ಬ್ಯಾಕ್ಟೀರಿಯಾ ಹೆಚ್ಚಲು ಅದಕ್ಕಿಂತಲೂ ಹೆಚ್ಚು ಕಾಲ ಬೇಕು, ಮೀನುಗಳಾದರೋ ಎಂದಿನಂತೆ ತಿಂದು ಅಮೋನಿಯಾ ಬಿಡುತ್ತಲೇ ಇದ್ದವು. ಸಾಲದ್ದಕ್ಕೆ ನನ್ನ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8ರ ಹತ್ತಿರವಿತ್ತು. ಪಿಎಚ್ 7ರಿಂದ 8ಕ್ಕೆ ಏರಿದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿಯಾದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ.

ಆದ್ದರಿಂದ, ಗಿಡಗಳಿದ್ದರೆ ಹೆಚ್ಚು ಮೀನು ಸಾಕಬಹುದೆಂಬ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಗಿಡಗಳನ್ನು ಚೆನ್ನಾಗಿ ಕತ್ತರಿಸಿದ ಮರುದಿನ ಟ್ಯಾಂಕು ಎಷ್ಟು ಮೀನುಗಳನ್ನು ತಾಳಬಲ್ಲದೋ ಅಷ್ಟೇ ಅದರ ಮಿತಿ. ರಾತ್ರಿಯ ಲೆಕ್ಕವೂ ಇದನ್ನೇ ಹೇಳುತ್ತದೆ, ಏಕೆಂದರೆ ದೀಪ ಆರಿದ ಮೇಲೆ ಗಿಡಗಳು ಕೂಡ ಆಮ್ಲಜನಕವನ್ನು ಬಳಸುತ್ತವೆ. ದೀಪ ಹಾಕುವ ಮುನ್ನ, ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆಯೇ ಎಂದು ಒಮ್ಮೆ ನೋಡಿ. ಹಾಗಿದ್ದರೆ ಹೊಸ ಮೀನಿನ ಮಾತು ಬಿಟ್ಟು, ಮೊದಲು ಏರ್ ಪಂಪ್ ಹಾಕಿ.

ಮೀನಿನ ಉದ್ದವನ್ನು ಅಂಗುಲಗಳಲ್ಲಿ ಕೂಡಿಸಿ ನೀರಿಗೆ ಹೊಂದಿಸುವ ಸೂತ್ರವನ್ನೂ ಮರೆತುಬಿಡಿ. ಅದೇ ಆಕಾರದ ಮೀನು ಎರಡು ಪಟ್ಟು ಉದ್ದವಾದರೆ ಅದರ ತೂಕ ಎಂಟು ಪಟ್ಟಾಗುತ್ತದೆ, ಕೊಳೆಯೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಮಣ್ಣು, ಕಲ್ಲು, ಕಟ್ಟಿಗೆಗಳನ್ನು ಕಳೆದರೆ ನಿಮ್ಮ 60 ಲೀಟರಿನಲ್ಲಿ ನಿಜವಾಗಿ ಇರುವ ನೀರು 50 ಲೀಟರಿನ ಆಸುಪಾಸು.

ಏಂಜೆಲ್ ಬೇಡವೇ ಬೇಡ. ಅವು 15 ಸೆಂಟಿಮೀಟರ್‌ವರೆಗೆ ಬೆಳೆಯುತ್ತವೆ, ಬೆಳೆದ ಮೇಲೆ ನಿಯಾನ್‌ಗಳನ್ನು ನುಂಗುತ್ತವೆ. ಗಪ್ಪಿಗಳು ತಿಂಗಳಿಗೊಮ್ಮೆ ಎಂಬಂತೆ ಮರಿ ಹಾಕುವುದರಿಂದ ಹತ್ತು ಎಂಬ ಸಂಖ್ಯೆ ಹತ್ತಾಗಿಯೇ ಉಳಿಯುವುದಿಲ್ಲ. ಅಲ್ಲದೆ ಅವಕ್ಕೆ ಗಡಸು ನೀರು ಹಿತ, ನಿಯಾನ್‌ಗೆ ಮೆದು ನೀರು. ಉಳಿದದ್ದು ಕೋರಿಡೋರಸ್. ಅವು ತಳದಲ್ಲಿ ಗುಂಪಾಗಿ ಬದುಕುವ ಮೀನುಗಳಾದ್ದರಿಂದ ಆರೂ ಇರಲಿ, ಆದರೆ ಸಣ್ಣ ಜಾತಿಯವನ್ನೇ ಆರಿಸಿ, ಮೂರು ಮೂರರಂತೆ ಎರಡು ಮೂರು ವಾರಗಳ ಅಂತರದಲ್ಲಿ ಬಿಡಿ. ಆ ಅವಧಿಯಲ್ಲಿ ಆಹಾರವನ್ನು ಕಡಿಮೆ ಹಾಕಿ, ಅಮೋನಿಯಾದ ಜೊತೆಗೆ ನೈಟ್ರೈಟನ್ನೂ ಪರೀಕ್ಷಿಸಿ, ಗಿಡಗಳಿಗೆ ಕತ್ತರಿ ಹಾಕಬೇಡಿ. ಮುಂದೆಯೂ ಒಂದು ಬಾರಿಗೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ, ಫಿಲ್ಟರಿನ ಸ್ಪಂಜನ್ನು ಅದೇ ವಾರ ತೊಳೆಯದೆ ಬಿಡಿ.